ಪ್ರಧಾನ ರೋಗನಿರ್ಣಯ: ಸೆಪ್ಸಿಸ್ ಮೊದಲೋ, ನ್ಯುಮೋನಿಯಾ ಮೊದಲೋ?

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ, ರೋಗಿ ಆಸ್ಪತ್ರೆಗೆ ದಾಖಲಾಗಲು ಮುಖ್ಯ ಕಾರಣ ಇದೇ ಎಂದು ತೀರ್ಮಾನವಾದ ಕಾಯಿಲೆಯೇ ಪ್ರಧಾನ ರೋಗನಿರ್ಣಯ. ಕಾಯಿಲೆಗಳಿಗೆ ಕೊಡುವ ಸಂಕೇತಗಳ, ಅಂದರೆ ಕೋಡ್‌ಗಳ, ಸಾಲಿನಲ್ಲಿ ಅದಕ್ಕೆ ಮೊದಲ ಜಾಗ. ನ್ಯುಮೋನಿಯಾದಿಂದ ಸೆಪ್ಸಿಸ್ (ಸೋಂಕಿಗೆ ದೇಹವೇ ಅತಿರೇಕವಾಗಿ ಪ್ರತಿಕ್ರಿಯಿಸುವ ಅಪಾಯದ ಸ್ಥಿತಿ) ಆದವರ ಕೇಸ್ ಶೀಟ್‌ನಲ್ಲಿ, ಈ ಸಂಕೇತ ಹಾಕುವ ಕೋಡರ್‌ಗಳು ಎಡವುವುದು ಇಲ್ಲೇ.

ಕಕ್ಕಡ ತಿಂಗಳ ಜಡಿಮಳೆಯಲ್ಲಿ ಸೋಮವಾರಪೇಟೆ ಕಡೆಯ ಕಾಫಿ ತೋಟದ ಕಾರ್ಮಿಕರೊಬ್ಬರನ್ನು ಮಡಿಕೇರಿಗೆ ಕರೆತಂದರು ಎನ್ನಿ. ಜ್ವರ, ಕೆಮ್ಮು, ಮಾತಿನಲ್ಲಿ ಗೊಂದಲ, ನಿಮಿಷಕ್ಕೆ 28 ಉಸಿರು, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಕುಗ್ಗಿದರೆ ಹೆಚ್ಚುವ ತ್ಯಾಜ್ಯ) ಏರಿದೆ. ವೈದ್ಯರು ‘ನ್ಯುಮೋನಿಯಾದಿಂದ ಸೆಪ್ಸಿಸ್, ಅದರಿಂದ ಮೂತ್ರಪಿಂಡಕ್ಕೆ ತೀವ್ರ ಹಾನಿ’ ಎಂದು ಬರೆದಿದ್ದಾರೆ. ಕೋಡಿಂಗ್ ಕಂಪನಿಗಳಿಗೆ ಸೇರುವವರು ಕಲಿಯುವ ಅಮೆರಿಕನ್ ಐಸಿಡಿ-10 (ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಅಮೆರಿಕನ್ ರೂಪ) ಪ್ರಕಾರ, ಬಂದಾಗಲೇ ಸೆಪ್ಸಿಸ್ ಇದ್ದುದರಿಂದ, ಮೊದಲು ಎ41.9 (ಸೆಪ್ಸಿಸ್), ನಂತರ ಜೆ18.9 (ನ್ಯುಮೋನಿಯಾ), ಆರ್65.20 (ಅಂಗವೈಫಲ್ಯವಿರುವ ತೀವ್ರ ಸೆಪ್ಸಿಸ್), ಎನ್17.9 (ಮೂತ್ರಪಿಂಡ). ಶಾಕ್ (ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುವುದು) ಕೂಡ ಆಗಿದ್ದರೆ ಆರ್65.21. ಆರ್65.2ರ ಗುಂಪು ಎಂದೂ ಮೊದಲ ಸಾಲಿಗೆ ಬರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಆರ್65.20, 21 ಇಲ್ಲವೇ ಇಲ್ಲ. ಅಲ್ಲಿ ಸೆಪ್ಟಿಕ್ ಶಾಕ್‌ಗೆ ಆರ್57.2. ಎರಡನ್ನೂ ಬೆರೆಸಬೇಡಿ.

ಅದೇ ರೋಗಿ ಬರೀ ನ್ಯುಮೋನಿಯಾದಿಂದ ದಾಖಲಾಗಿ, ಮೂರನೇ ದಿನ ವಾರ್ಡಿನಲ್ಲಿ ಸೆಪ್ಸಿಸ್ ಶುರುವಾಗಿದ್ದರೆ? ಆಗ ಜೆ18.9 ಮೇಲೆ, ಎ41.9 ಕೆಳಗೆ. ಹಾಗಾಗಿ ದಾಖಲಾದ ದಿನದ ಟಿಪ್ಪಣಿಯನ್ನು ಗಂಟೆ ಸಮೇತ ಓದಬೇಕು. ಬಂದಾಗಲೇ ಇತ್ತೋ ಇಲ್ಲವೋ ಸ್ಪಷ್ಟವಿಲ್ಲದಿದ್ದರೆ ವೈದ್ಯರನ್ನೇ ಲಿಖಿತವಾಗಿ ಕೇಳಬೇಕು.

ರಕ್ತದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಬೆಳೆದು, ಎರಡಕ್ಕೂ ಅದೇ ಕಾರಣವೆಂದು ವೈದ್ಯರು ಬರೆದರೆ ಎ40.3 ಮತ್ತು ಜೆ13. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲವೆಂದು ಸೆಪ್ಸಿಸ್ ಅಳಿಸಬಾರದು. ಹಾಗೆಯೇ ಲ್ಯಾಕ್ಟೇಟ್ ಏರಿದೆ, ಬಿಳಿ ರಕ್ತಕಣ ಹೆಚ್ಚಿದೆ ಎಂದು ಕೋಡರ್ ತಾನೇ ಸೆಪ್ಸಿಸ್ ಸೇರಿಸಬಾರದು; ರೋಗನಿರ್ಣಯ ವೈದ್ಯರದ್ದು. ಹಣ ತಡೆಹಿಡಿಯುವ ವಿಮೆಯವರು ಮೊದಲು ಕೆದಕುವುದೂ ಇದನ್ನೇ.

ರೋಗಿ ತೀರಿಕೊಂಡರೆ ಲೆಕ್ಕ ತಿರುವುಮುರುವಾಗುತ್ತದೆ. ಮರಣ ಕಾರಣ ಪ್ರಮಾಣಪತ್ರವಾದ ನಮೂನೆ 4ರಲ್ಲಿ ಮೇಲಿನ ಸಾಲಿಗೆ ಸೆಪ್ಸಿಸ್, ಅದರ ಕೆಳಗೆ ಅದಕ್ಕೆ ಕಾರಣವಾದ ನ್ಯುಮೋನಿಯಾ. ಅಂಕಿಅಂಶಕ್ಕೆ ಮೂಲ ಕಾರಣವೆಂದು ಹೋಗುವುದು ಕೆಳಗಿನದು. ಮೇಲೆ ‘ಸೆಪ್ಸಿಸ್’ ಎಂದಷ್ಟೇ ಬರೆದು ಕೆಳಗಿನ ಸಾಲು ಖಾಲಿ ಬಿಟ್ಟರೆ, ನ್ಯುಮೋನಿಯಾ ಸಾವಿನ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ.