ಹಳೇ ಪಿಕಪ್‌ನ ಮೂತಿಗೆ ಒಂದು ಹಿಚ್

ಟ್ರೇಲರ್ ಕಟ್ಟುವ ಹಿಚ್ ಇರಬೇಕಾದದ್ದು ಗಾಡಿಯ ಹಿಂದೆ. ಅದನ್ನು ಮುಂದೆ ಯಾಕೆ ಹಾಕಿಸಬೇಕು? ಟ್ರೇಲರನ್ನು ಒಮ್ಮೆಯಾದರೂ ರಿವರ್ಸ್ ತೆಗೆದವರು ಈ ಪ್ರಶ್ನೆ ಕೇಳುವುದಿಲ್ಲ. ಕತ್ತು ಹಿಂದಕ್ಕೆ, ಕಣ್ಣು ಕನ್ನಡಿಯ ಮೇಲೆ, ತಲೆ ತುಂಬ ಗೊಂದಲ. ಅದೇ ಟ್ರೇಲರನ್ನು ಗಾಡಿಯ ಮೂತಿಗೆ ಕಟ್ಟಿ ತಳ್ಳಿದರೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ತಿರುಗುವ ಚಕ್ರಗಳು ಹಿಚ್‌ಗೆ ಹತ್ತಿರ ಇರುವುದರಿಂದ ಸ್ಟೀರಿಂಗ್ ಸ್ವಲ್ಪ ಅಲುಗಿಸಿದರೂ ಹಿಚ್ ತಕ್ಷಣ ಪಕ್ಕಕ್ಕೆ ಸರಿಯುತ್ತದೆ. ಎಡ-ಬಲದ ಉಲ್ಟಾ ಲೆಕ್ಕ ಇಲ್ಲೂ ಇದ್ದೇ ಇದೆ, ಆದರೆ ತಪ್ಪಿದರೆ ಬೇಗ ಸರಿಪಡಿಸಬಹುದು. ಬೇಕೆಂದಾಗ ವಿಂಚ್ (ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ) ಸಿಕ್ಕಿಸಿ, ಬೇಡವೆಂದಾಗ ತೆಗೆದಿಡಬಹುದು ಅನ್ನುವುದು ಇನ್ನೊಂದು ಲಾಭ.

ಹೊಸ ಗಾಡಿಗಳಿಗಾದರೆ ರೆಡಿಮೇಡ್ ಹಿಚ್ ಸಿಗಬಹುದು. ಹಳೇ ಪಿಕಪ್‌ಗೆ ಬಹಳ ಸಲ ಅಳತೆ ತೆಗೆದು ಮಾಡಿಸುವುದೇ ದಾರಿ. ಆಗ ಎಲ್ಲರ ಗಮನ ಮೊದಲು ಹೋಗುವುದು ರಿಸೀವರ್ ಕಡೆಗೆ, ಅಂದರೆ ಟ್ರೇಲರಿನ ಕೊಂಡಿ ಅಥವಾ ವಿಂಚನ್ನು ತೂರಿಸುವ ಕೊಳವೆಯ ಕಡೆಗೆ. ಚೌಕಾಕಾರದ ಉಕ್ಕಿನ ಕೊಳವೆ, ಒಳಗೆ 2 ಇಂಚು ಅಗಲ, ಗೋಡೆ ಸಾಮಾನ್ಯವಾಗಿ ಕಾಲು ಇಂಚು ದಪ್ಪ, ಅಡ್ಡಕ್ಕೆ ತೂರಿಸುವ ಪಿನ್ 5/8 ಇಂಚು. ನೋಡಲು ಭರ್ಜರಿಯಾಗಿಯೇ ಇರುತ್ತದೆ. ಆದರೆ ಸಾಮಾನ್ಯವಾಗಿ ಮೊದಲು ಸೋಲುವುದು ಅದಲ್ಲ. ಪಿನ್ ಮೇಲೆ ಬಿದ್ದ ಬಲ ಅಲ್ಲಿಂದ ಚಾಸಿಗೆ (ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ) ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದರಲ್ಲೇ ಎಲ್ಲ ಇದೆ.

ಒಂದು ಲೆಕ್ಕ ಹಾಕೋಣ. 9000 ಪೌಂಡಿನ ವಿಂಚ್ ಅಂದರೆ ಸುಮಾರು 4 ಟನ್ ಎಳೆತ. ರಿಸೀವರ್ ಚಾಸಿಯ ಮಧ್ಯರೇಖೆಗಿಂತ 15 ಸೆಂಟಿಮೀಟರ್ ಕೆಳಗೆ ನೇತಾಡುತ್ತಿದೆ ಅನ್ನಿ. ವಿಂಚ್ ನೇರವಾಗಿ ಮುಂದಕ್ಕೆ ಎಳೆದರೂ, ಆ 15 ಸೆಂಟಿಮೀಟರ್ ಅಂತರದಿಂದಾಗಿ ಬ್ರಾಕೆಟ್ (ಹಿಚ್ಚನ್ನು ಚಾಸಿಗೆ ಹಿಡಿಸುವ ಪಟ್ಟಿ) ಮೇಲೆ ತಿರುಚುವ ಬಲ ಬೀಳುತ್ತದೆ. ಎಷ್ಟು? ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ 600 ಕಿಲೋ ತೂಗುಹಾಕಿದಷ್ಟು. ಎರಡು ಬದಿಗೂ ಸಮನಾಗಿ ಹಂಚಿದರೆ ತಲಾ 300 ಕಿಲೋ. ಹಗ್ಗ ಓರೆಯಾಗಿದ್ದರೆ ಈ ಸಮಪಾಲು ಕೂಡ ಇಲ್ಲ, ಒಂದು ಬದಿಯೇ ಜಾಸ್ತಿ ಹೊರಬೇಕು. ಹಾಗಾಗಿ ರಿಸೀವರನ್ನು ಚಾಸಿಯ ಮಟ್ಟಕ್ಕೆ ಎಷ್ಟು ಹತ್ತಿರ ತಂದರೆ ಅಷ್ಟು ಒಳ್ಳೆಯದು. ಇನ್ನೂ ದಪ್ಪದ ಪ್ಲೇಟ್ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಈ ತಿರುಚುವ ಬಲವನ್ನು ಹಳೇ ಚಾಸಿ ಹೇಗೆ ತಡೆಯುತ್ತದೆ? ಅನೇಕ ಹಳೇ ಪಿಕಪ್‌ಗಳ ಚಾಸಿ ಸಿ-ಚಾನೆಲ್, ಅಂದರೆ ಒಂದು ಕಡೆ ತೆರೆದದ್ದು. ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಂಚನ್ನು ಅಂಟಿಸದೆ ಎರಡೂ ತುದಿ ಹಿಡಿದು ತಿರುಚಿ ನೋಡಿ. ಸುಮ್ನೆ ತಿರುಗುತ್ತದೆ. ಅದೇ ಅಂಚಿಗೆ ಉದ್ದಕ್ಕೂ ಟೇಪ್ ಹಚ್ಚಿ ತಿರುಚಿ. ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ. ಉಕ್ಕಿನಲ್ಲೂ ಇದೇ ಕತೆ. 100 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಕೊಳವೆಯನ್ನು ಉದ್ದಕ್ಕೆ ಒಂದು ಗೆರೆ ಸೀಳಿದರೆ ಸಾಕು, ತಿರುಚನ್ನು ತಡೆಯುವ ಬಿಗಿತ ಸುಮಾರು 800 ಪಟ್ಟು ಇಳಿಯುತ್ತದೆ. ಲೋಹ ಒಂದು ಗ್ರಾಂ ಕಮ್ಮಿಯಾಗಿಲ್ಲ, ನೋಡಿ! ಅದಕ್ಕೇ ಜಾಣ ವೆಲ್ಡರುಗಳು ಎರಡೂ ಬದಿಯ ಬ್ರಾಕೆಟ್‌ಗಳನ್ನು ಒಂದು ಮುಚ್ಚಿದ ಅಡ್ಡ ಕೊಳವೆಯಿಂದ ಸೇರಿಸುತ್ತಾರೆ. ತಿರುಚನ್ನು ಆ ಕೊಳವೆ ಹೊರುತ್ತದೆ, ಚಾನೆಲಿಗೆ ಅದರ ಬಾಧೆ ಕಡಿಮೆ.

ಇನ್ನು ಬೋಲ್ಟ್. ಬೋಲ್ಟ್ ಅಂದರೆ ಎರಡು ಪ್ಲೇಟ್‌ಗಳ ನಡುವಿನ ಗೂಟ ಅಂತ ತುಂಬ ಜನ ತಿಳಿದಿದ್ದಾರೆ. ಇಂಥ ಜೋಡಣೆಯಲ್ಲಿ ಅದರ ಕೆಲಸ ಬೇರೆ. ಬಿಗಿದಾಗ ಅದು ಸ್ಪ್ರಿಂಗಿನಂತೆ ಒಂದಿಷ್ಟು ಹಿಗ್ಗಿ, ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತದೆ. ಭಾರ ಹೊರುವುದು ಪ್ಲೇಟ್‌ಗಳ ನಡುವಿನ ಘರ್ಷಣೆ. 8.8 ದರ್ಜೆಯ (ಇದು ಉಕ್ಕಿನ ಬಲದ ಗುರುತು) ಎಂ12, ಅಂದರೆ 12 ಮಿಲಿಮೀಟರ್ ದಪ್ಪದ ಬೋಲ್ಟನ್ನು ಸರಿಯಾಗಿ ಬಿಗಿದರೆ ಸುಮಾರು 3.7 ಟನ್ ಒತ್ತಡ ಸಿಗುತ್ತದೆ. ಘರ್ಷಣೆಯ ಗುಣಾಂಕ 0.2 ಅಂದುಕೊಂಡರೆ, ಪ್ಲೇಟ್ ಜಾರದಂತೆ ಒಂದು ಬೋಲ್ಟ್ ತಡೆಯುವುದು ಮುಕ್ಕಾಲು ಟನ್ ಮಾತ್ರ. ಆರು ಬೋಲ್ಟಿಗೆ ನಾಲ್ಕೂವರೆ ಟನ್. ವಿಂಚಿನ 4 ಟನ್ ಎಳೆತಕ್ಕೇ ಇದು ಹೆಚ್ಚುಕಡಿಮೆ ಮುಗಿದುಹೋಯಿತು, ತಿರುಚುವ ಬಲದ ಲೆಕ್ಕ ಇನ್ನೂ ಬಾಕಿ! ಎಂ16 ಹಾಕಿದರೆ ಒಂದೊಂದು ಬೋಲ್ಟೂ ಸುಮಾರು 1.4 ಟನ್ ತಡೆಯುತ್ತದೆ. ಬೋಲ್ಟ್‌ಗಳ ನಡುವಿನ ಅಂತರವೂ ಅಷ್ಟೇ ಮುಖ್ಯ. ಮೇಲೆ ಹೇಳಿದ ತಲಾ 300 ಕಿಲೋದ ತಿರುಚು, ಎರಡು ಬೋಲ್ಟ್ 10 ಸೆಂಟಿಮೀಟರ್ ದೂರವಿದ್ದರೆ ಒಂದೊಂದರ ಮೇಲೂ 3 ಟನ್ ಆಗುತ್ತದೆ. 30 ಸೆಂಟಿಮೀಟರ್ ದೂರ ಇಟ್ಟರೆ 1 ಟನ್. ಅಷ್ಟೇ ಬೋಲ್ಟ್, ಅಷ್ಟೇ ಖರ್ಚು. ಬ್ರಾಕೆಟ್ ಮಾತ್ರ ಉದ್ದ ಇರಬೇಕು.

ಬಿಗಿಯುವುದರಲ್ಲೂ ಒಂದು ತಮಾಷೆ ಇದೆ. ಟಾರ್ಕ್ ವ್ರೆಂಚಿಗೆ ನಾವು ಹಾಕುವ ಶ್ರಮದಲ್ಲಿ ಸುಮಾರು ಶೇಕಡ 90ರಷ್ಟು ಮರೆಯ (ಬೋಲ್ಟಿನ ಸುರುಳಿ ಗೀರಿನ) ಘರ್ಷಣೆಗೆ ಮತ್ತು ತಲೆಯಡಿಯ ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಶೇಕಡ 10 ಮಾತ್ರ. ಹಾಗಾಗಿ ಒಣ ಮರೆಗೆ ಬರೆದ ಟಾರ್ಕನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಕೊಟ್ಟರೆ ಬೋಲ್ಟ್ ಅತಿಯಾಗಿ ಹಿಗ್ಗುತ್ತದೆ. ಪ್ಲೇಟ್‌ಗಳ ನಡುವೆ ದಪ್ಪ ಪೇಂಟ್ ಉಳಿದಿದ್ದರೆ ಇದಕ್ಕೆ ಉಲ್ಟಾ: ಪೇಂಟ್ ಕ್ರಮೇಣ ಕೂತು ಬಿಗಿ ಸಡಿಲವಾಗುತ್ತದೆ. ಚಾಸಿ ಬಾಕ್ಸ್ ಆಗಿದ್ದರೆ, ಅಂದರೆ ನಾಲ್ಕೂ ಕಡೆ ಮುಚ್ಚಿದ್ದರೆ, ಬೋಲ್ಟ್ ಹಾಯುವಲ್ಲಿ ಒಳಗೆ ಒಂದು ಗಟ್ಟಿ ಕೊಳವೆ (ಸ್ಲೀವ್) ಬೇಕು. ಇಲ್ಲದಿದ್ದರೆ ಬಿಗಿದಷ್ಟೂ ಬಾಕ್ಸಿನ ಗೋಡೆಗಳೇ ಒಳಕ್ಕೆ ಕುಗ್ಗುತ್ತವೆ.

ಇಷ್ಟೆಲ್ಲ ರಗಳೆ ಯಾಕೆ, ಚಾಸಿಗೇ ವೆಲ್ಡ್ ಮಾಡಿದರೆ ಆಗಲ್ವಾ? ಆಗುತ್ತದೆ, ಆದರೆ ನನಗೆ ಬೋಲ್ಟೇ ಇಷ್ಟ. ಚಾನೆಲ್ ಬಾಗುವಾಗ ಅತಿ ಹೆಚ್ಚು ಎಳೆತ ಅಥವಾ ಒತ್ತಡ ಬೀಳುವುದು ಮೇಲಿನ ಮತ್ತು ಕೆಳಗಿನ ಫ್ಲೇಂಜ್ (ಚಾನೆಲಿನ ಮಡಚಿದ ಅಂಚು) ಮೇಲೆ. ಅಲ್ಲಿ ಅಡ್ಡಕ್ಕೆ ಒಂದು ವೆಲ್ಡ್ ಗೆರೆ ಎಳೆದರೆ ಬಿರುಕಿಗೆ ನಾವೇ ಬಾಗಿಲು ತೆರೆದಂತೆ. ರಂಧ್ರಕ್ಕೂ ಇದೇ ಮಾತು. ಅಗಲವಾದ ತಗಡನ್ನು ಎಳೆದಾಗ ದುಂಡು ರಂಧ್ರದ ಅಂಚಿನಲ್ಲಿ ಬಲದ ಒತ್ತಡ 3 ಪಟ್ಟಾಗುತ್ತದೆ. ಇದನ್ನು 1898ರಲ್ಲೇ ಜರ್ಮನಿಯ ಎಂಜಿನಿಯರ್ ಕಿರ್ಷ್ ಲೆಕ್ಕ ಹಾಕಿ ತೋರಿಸಿದ್ದ. ಹಾಗಾಗಿ ರಂಧ್ರ ಫ್ಲೇಂಜಿನಲ್ಲಿ ಬೇಡ, ಪಕ್ಕದ ಗೋಡೆಯ ನಡುಭಾಗದಲ್ಲಿರಲಿ. ಗ್ಯಾಸ್ ಕಟ್ಟರಿನಿಂದ ಸುಟ್ಟು ಮಾಡಬೇಡಿ, ಡ್ರಿಲ್ ಮಾಡಿ. ಆಗಲೇ ಇರುವ ಫ್ಯಾಕ್ಟರಿ ರಂಧ್ರ ಸಿಕ್ಕರಂತೂ ಅದೃಷ್ಟ.

ಮುಂದೆ ಭಾರ ಹೇರಿದರೆ ಅಷ್ಟೇ ಭಾರ ಮುಂದಿನ ಆಕ್ಸಲ್ ಮೇಲೆ ಬೀಳುತ್ತದೆ ಅನ್ನುವುದೂ ತಪ್ಪು. ಗಾಡಿಯ ವೀಲ್‌ಬೇಸ್ (ಎರಡು ಆಕ್ಸಲ್ ನಡುವಿನ ಅಂತರ) 3 ಮೀಟರ್, ಹಿಚ್ ಆಕ್ಸಲಿನಿಂದ 1 ಮೀಟರ್ ಮುಂದಿದೆ ಅನ್ನಿ. 150 ಕಿಲೋ ಹಾಕಿದರೆ ಮುಂದಿನ ಆಕ್ಸಲಿಗೆ 200 ಕಿಲೋ ಸೇರುತ್ತದೆ, ಹಿಂದಿನದರಿಂದ 50 ಕಿಲೋ ಕಮ್ಮಿಯಾಗುತ್ತದೆ. ಮೊದಲೇ ಖಾಲಿ ಪಿಕಪ್‌ನ ಹಿಂಬದಿ ಹಗುರ. ಒದ್ದೆ ರಸ್ತೆಯಲ್ಲಿ ಇದು ಒಳ್ಳೆಯದಲ್ಲ. ಮುಂದಿನ ಹಿಚ್ ನಿಧಾನಕ್ಕೆ ತಳ್ಳುವ, ಎಳೆಯುವ ಕೆಲಸಕ್ಕೆ ಸರಿ. ಅದಕ್ಕೆ ಟ್ರೇಲರ್ ಕಟ್ಟಿಕೊಂಡು ಹೆದ್ದಾರಿಗೆ ಇಳಿಯುವಂತಿಲ್ಲ.

ಡಿಕ್ಕಿಯ ವಿಷಯವೂ ಇದೆ. ಕೆಲವು ಚಾಸಿಗಳ ತುದಿಯಲ್ಲಿ ಬೇಕೆಂದೇ ತೂತು, ಮಡಿಕೆ ಬಿಟ್ಟಿರುತ್ತಾರೆ. ಡಿಕ್ಕಿಯಾದಾಗ ಆ ಜಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಲಿ ಅಂತ. ಅದರ ಮೇಲೆ ದಪ್ಪ ಪ್ಲೇಟ್ ಹೊದಿಸಿದರೆ ಪೆಟ್ಟು ನೇರ ಕ್ಯಾಬಿನ್ನಿಗೆ ಬರುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಸೆನ್ಸರಿನ ಲೆಕ್ಕವೂ ತಪ್ಪಬಹುದು. ಕೆಲಸ ಇಲ್ಲದಾಗ ಬಾಲ್ ಮೌಂಟ್ (ರಿಸೀವರಿಗೆ ತೂರಿಸುವ, ಟ್ರೇಲರ್ ಕೂರುವ ಗುಂಡಿನ ಕೊಂಡಿ) ಬಿಚ್ಚಿಡಿ. ಅದು ಚಾಚಿಕೊಂಡಿದ್ದರೆ ದಾರಿಹೋಕರ ಮೊಣಕಾಲಿಗೆ ಅಪಾಯ. ರೇಡಿಯೇಟರಿನ ಗಾಳಿಗೆ ಅಡ್ಡ ಆಗದಿರಲಿ.

ಹಾಕಿಸಿ ಒಂದಿಷ್ಟು ದಿನ ಓಡಿಸಿದ ಮೇಲೆ ಬೋಲ್ಟ್‌ಗಳ ಬಿಗಿ ಮತ್ತೆ ನೋಡಿ. ಟಾರ್ಚ್ ಹಿಡಿದು ವೆಲ್ಡ್ ಅಂಚುಗಳನ್ನೂ ನೋಡಿ. ಪೇಂಟ್ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಒಳಗೆ ಬಿರುಕು ಇರಬಹುದು. ಅದರ ಮೇಲೆ ಇನ್ನೊಂದು ಪದರ ವೆಲ್ಡ್ ಬಳಿದರೆ ಬಿರುಕು ಮುಚ್ಚುವುದಿಲ್ಲ, ಅಡಗುತ್ತದೆ ಅಷ್ಟೆ. ಬಿರುಕಿನ ತುದಿಯಲ್ಲಿ ಒಂದು ಸಣ್ಣ ರಂಧ್ರ ಕೊರೆಯುವ ಹಳೇ ಉಪಾಯ ಒಂದಿದೆ. ರಂಧ್ರ ಬಲವನ್ನು 3 ಪಟ್ಟು ಮಾಡುವುದು ನಿಜ. ಆದರೆ ಚೂಪಾದ ಬಿರುಕಿನ ತುದಿಯಲ್ಲಿ ಅದು ಇನ್ನೂ ಎಷ್ಟೋ ಪಟ್ಟು ಇರುತ್ತದೆ, ಅದಕ್ಕೆ ಹೋಲಿಸಿದರೆ 3 ಪಟ್ಟು ಏನೂ ಅಲ್ಲ. ಇದರಿಂದ ಸಿಗುವುದು ಒಂದಿಷ್ಟು ಸಮಯ ಮಾತ್ರ. ಆಮೇಲೆ ಬಿರುಕನ್ನು ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ವೆಲ್ಡ್ ಮಾಡಿಸಬೇಕು, ಬ್ರಾಕೆಟಿನ ಆಕಾರವನ್ನೂ ಬದಲಿಸಬೇಕು. ಹಳೇ ಆಕಾರವೇ ಉಳಿದರೆ ಬಿರುಕು ಅದೇ ಜಾಗದಲ್ಲಿ ಮತ್ತೆ ಬರುತ್ತದೆ.