8×42 ಅಂದರೆ ಏನು? ಬೈನಾಕ್ಯುಲರ್ ಮೇಲಿನ ಎರಡು ಅಂಕಿಗಳು

ಯಾವ ಬೈನಾಕ್ಯುಲರ್ ಎತ್ತಿಕೊಂಡರೂ ಅದರ ಮೈಮೇಲೆ 8×42, 10×42, 8×25 ಅಂತ ಏನಾದರೂ ಬರೆದಿರುತ್ತದೆ. ಇದು ಗುಣಾಕಾರದ ಲೆಕ್ಕವಲ್ಲ. ಎರಡು ಬೇರೆ ಬೇರೆ ಅಳತೆಗಳನ್ನು ಜೊತೆಗೆ ಬರೆಯುವ ರೂಢಿ, ಅಷ್ಟೇ. ಮೊದಲನೆಯದು, ನೋಡುವ ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ.

80 ಮೀಟರ್ ದೂರದ ಕೊಂಬೆಯ ಹಕ್ಕಿ 8 ಪಟ್ಟಿನಲ್ಲಿ 10 ಮೀಟರ್ ಹತ್ತಿರ ಕೂತಂತೆ ಕಾಣುತ್ತದೆ. 10 ಪಟ್ಟಿನಲ್ಲಿ 8 ಮೀಟರ್. ಹಾಗಾದರೆ 10 ಪಟ್ಟಿನದೇ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಎಡವುವುದು ಇಲ್ಲೇ. ಹಕ್ಕಿ ದೊಡ್ಡದಾದಷ್ಟೂ ನಮ್ಮ ಕೈ ನಡುಕವೂ ದೊಡ್ಡದಾಗುತ್ತದೆ. ಜೊತೆಗೆ ನೋಟ ಕಿರಿದಾಗುತ್ತದೆ. ಪೊದೆಯೊಳಗೆ ಕೊಂಬೆಯಿಂದ ಕೊಂಬೆಗೆ ಜಿಗಿಯುವ ಪುಟ್ಟ ಹಕ್ಕಿಯನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ. ಕಿರಿದಾದ ನೋಟದಲ್ಲಿ ಬರೀ ಎಲೆ ಸಿಗುತ್ತದೆ, ಹಕ್ಕಿ ಅಷ್ಟರಲ್ಲಿ ಇನ್ನೆಲ್ಲೋ.

ಈಗ ಎರಡನೆಯ ಅಂಕಿ. ನನಗೆ ಇದೇ ಹೆಚ್ಚು ಮುಖ್ಯ. ಬೈನಾಕ್ಯುಲರನ್ನು ಕೈ ಚಾಚಿ ದೂರ ಹಿಡಿದು, ಬೆಳಕಿರುವ ಗೋಡೆಯ ಕಡೆ ತಿರುಗಿಸಿ. ನಾವು ಕಣ್ಣಿಡುವ ಗಾಜಿನ ನಡುವೆ ಒಂದು ಸಣ್ಣ ಬೆಳಕಿನ ಬೊಟ್ಟು ಕಾಣುತ್ತದೆ. ಕಣ್ಣಿಗೆ ಬಂದು ಸೇರುವುದು ಆ ಬೊಟ್ಟಿನಷ್ಟು ಬೆಳಕೇ. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಅಂತಾರೆ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಅದರ ಅಗಲ ಸಿಗುತ್ತದೆ. 8×42ರಲ್ಲಿ 5.25 ಮಿಲಿಮೀಟರ್, 10×42ರಲ್ಲಿ 4.2, 8×25ರಲ್ಲಿ 3ಕ್ಕಿಂತ ಚೂರು ಜಾಸ್ತಿ.

ನಡು ಹಗಲಿನ ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆಯೇ 2–3 ಮಿಲಿಮೀಟರಿಗೆ ಕುಗ್ಗಿರುತ್ತದೆ. ಆಗ 8×25 ಕೂಡ ಬೇಕಾದಷ್ಟು ಬೆಳಕು ಕೊಡುತ್ತದೆ. ಆದರೆ ಹಕ್ಕಿಗಳು ಚುರುಕಾಗುವುದು ಬೆಳಗಿನ ಜಾವ, ಮತ್ತೆ ಸಂಜೆ. ಮಬ್ಬು ಬೆಳಕಲ್ಲಿ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ. ಅಷ್ಟು ತೆರೆದ ಪಾಪೆಗೆ 3 ಮಿಲಿಮೀಟರಿನ ಬೊಟ್ಟು ಸಾಲುವುದಿಲ್ಲ. ಎದೆಯ ಮೇಲಿನ ಕಂದು ಗೆರೆಗಳೆಲ್ಲ ಒಂದೇ ಬೂದು ಬಣ್ಣವಾಗಿಬಿಡುತ್ತವೆ. ಬೊಟ್ಟು ದೊಡ್ಡದಿದ್ದರೆ ಇನ್ನೊಂದು ಅನುಕೂಲ: ಕಣ್ಣು ಅತ್ತಿತ್ತ ಸ್ವಲ್ಪ ಸರಿದರೂ ನೋಟ ಕಪ್ಪಾಗುವುದಿಲ್ಲ.

ಹಾಗಾಗಿ ಹಕ್ಕಿ ನೋಡಲೆಂದೇ ಒಂದು ಕೊಳ್ಳುವವರಿಗೆ ನಾನು ಹೇಳುವುದು 8×42. ದೊಡ್ಡ ಕೆರೆ, ಕಡಲತೀರ, ಬಯಲಿನಲ್ಲಿ ದೂರದ ಹಕ್ಕಿಗಳನ್ನೇ ಜಾಸ್ತಿ ನೋಡುವವರಿಗೆ, ಕೈ ಗಟ್ಟಿ ಇದ್ದರೆ, 10×42 ಸರಿ. ಪ್ರವಾಸ, ಆಟದ ಮೈದಾನ, ಸುಮ್ನೆ ಚೀಲದಲ್ಲಿ ಇರಲಿ ಅನ್ನುವವರಿಗೆ 8×25 ಸಾಕು. 8×42 ಎಷ್ಟೇ ಚೆನ್ನಾಗಿದ್ದರೂ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ, ಭಾರ ಅಂತ ಮನೆಯಲ್ಲೇ ಬಿಟ್ಟು ಹೋದರೆ ಏನು ಪ್ರಯೋಜನ? ಎರಡೂ ಕೆಲಸಕ್ಕೆ ಒಂದೇ ಬೇಕು ಅಂದರೆ 8×32 ನೋಡಿ. ಬೊಟ್ಟು ಸರಿಯಾಗಿ 4 ಮಿಲಿಮೀಟರ್, ತೂಕವೂ ಕಡಿಮೆ.

ಕನ್ನಡಕ ಹಾಕುವವರು ಈ ಎರಡು ಅಂಕಿಗಳ ಜೊತೆ ಐ ರಿಲೀಫ್ ಎಷ್ಟು ಅಂತಲೂ ಕೇಳಬೇಕು. ಅಂದರೆ ಕಣ್ಣು ಗಾಜಿನಿಂದ ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ನೋಟ ಕಾಣುತ್ತದೆ ಅನ್ನುವ ಅಳತೆ. ಅದು 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ, ಕನ್ನಡಕ ಹಾಕಿಕೊಂಡು ನೋಡುವಾಗ ನೋಟದ ಅಂಚು ಸುತ್ತಲೂ ಕತ್ತರಿಸಿದಂತೆ ಕಾಣುತ್ತದೆ.