ಯುಗಾದಿ ಹೊತ್ತಿಗೆ ತಾರಸಿಯಲ್ಲಿ ಸೋರೆ ಬಳ್ಳಿ

ಶಿವರಾತ್ರಿ ಕಳೆದು ಒಂದು ವಾರ ಆಗುವಷ್ಟರಲ್ಲಿ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಬೆಂಗಳೂರಿನ ಮನೆಗಳ ಕೈತೋಟ, ತಾರಸಿ ತೋಟ ನೋಡಿಕೊಡುವುದು ನನ್ನ ಕೆಲಸ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ: "ಸ್ಪ್ರಿಂಗ್ ಬಂತಲ್ವಾ, ಟೊಮೆಟೊ, ಕ್ಯಾರೆಟ್, ಕೋಸು ಹಾಕಬಹುದಾ?" ಆನ್‌ಲೈನಿನಲ್ಲಿ ತರಿಸಿದ ಬೀಜದ ಪೊಟ್ಟಣದ ಮೇಲೆ ಹಾಗೇ ಬರೆದಿರುತ್ತದೆ. ಯೂಟ್ಯೂಬಿನಲ್ಲಿ ನೋಡಿದ್ದೂ ಅದೇ.

ಆ ಸ್ಪ್ರಿಂಗ್ ನಮ್ಮದಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕ ಮಾರ್ಚಿನಲ್ಲಿ ಮನೆಯೊಳಗೆ ಕಿಟಕಿ ಪಕ್ಕ ಟೊಮೆಟೊ ಸಸಿ ಮಾಡಿಕೊಳ್ಳುತ್ತಾಳೆ. ರಾತ್ರಿ ಹಿಮ ಕಟ್ಟುವ ಭಯ ಹೋಗಲಿ ಅಂತ ಮೇ ಮಧ್ಯದವರೆಗೆ ಕಾಯುತ್ತಾಳೆ. ಅವಳಿಗೆ ಮುಂದೆ ಸಿಗುವುದು ಹಿತವಾದ ಬಿಸಿಲು. ನಮಗೆ ವಸಂತ ಅಂದರೆ ಬೇಸಿಗೆಯ ಹೊಸಿಲು. ಬೆಂಗಳೂರಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ 33–34 ಡಿಗ್ರಿ ಮಾಮೂಲು. 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು. ಅದೂ ನೆರಳಲ್ಲಿಟ್ಟು ಅಳೆದ ಲೆಕ್ಕ. ಮಧ್ಯಾಹ್ನ ತಾರಸಿಯ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಕಪ್ಪು ಗ್ರೋ ಬ್ಯಾಗಿನೊಳಗಿನ ಬೇರಿನ ಪಾಡು ತಿಳಿಯುತ್ತದೆ.

ಟೊಮೆಟೊ ಈಗ ನಾಟಿ ಮಾಡಿದರೆ ಹೂ ಬಿಡುವುದು ಸರಿಯಾಗಿ ಆ ಸುಡು ಬಿಸಿಲಿಗೇ. ಸೆಕೆ ಜಾಸ್ತಿಯಾಗಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಸಾಲದ್ದಕ್ಕೆ ಬಿಳಿನೊಣದ ಕಾಟವೂ ಇದೇ ಹೊತ್ತಿಗೆ. ಎಲೆ ಮುದುಡು ವೈರಸ್ ಹರಡುವುದು ಅದೇ. ಒಮ್ಮೆ ತಗುಲಿದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಹಾಕಬೇಕು. ಬೆಳೆಸಲೇಬೇಕು ಅನ್ನುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಿ, ಅದು ಈ ವೈರಸ್ಸನ್ನು ತಡೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಜೂನ್‌ವರೆಗೆ ಕಾಯಿರಿ. ಕೋಸು, ಕ್ಯಾರೆಟ್ ಮಳೆಗಾಲ ಇಳಿಯುವವರೆಗೆ ಬೇಡವೇ ಬೇಡ.

ಈಗಿನದು ಬಳ್ಳಿಗಳ ಕಾಲ. ಸೋರೆ, ಹೀರೆ, ಹಾಗಲ, ಪಡವಲ, ಸೌತೆ. ಹಾಗಲ, ಪಡವಲದ ಬೀಜದ ಸಿಪ್ಪೆ ಗಟ್ಟಿ. ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿಡಿ. ಮೊಳಕೆ ಇಣುಕಿದ ಮೇಲೆ ಮಣ್ಣಿಗೆ ಹಾಕಿ. ದೊಡ್ಡ ಡ್ರಮ್ಮಿಗೆ ಒಂದೋ ಎರಡೋ ಬಳ್ಳಿ ಸಾಕು. ಮೇಲೊಂದು ಚಪ್ಪರ ಬೇಕು. ಬಳ್ಳಿ ಹಬ್ಬಿದ ಮೇಲೆ ಅದರ ನೆರಳಲ್ಲಿ ದಂಟು, ಬಸಳೆ, ಪಾಲಕ್ ಬೆಳೆಯಬಹುದು. ಹಸಿರು ನೆಟ್‌ಗೆ ಸಾವಿರಾರು ರೂಪಾಯಿ ಸುರಿಯುವವರಿಗೆ ಇದನ್ನೇ ಹೇಳುತ್ತೇನೆ, ಆದರೂ ಅವರು ನೆಟ್ ಅನ್ನೇ ತರುತ್ತಾರೆ.

ಹೋದ ಬೇಸಿಗೆಯಲ್ಲಿ ಒಬ್ಬ ಅಜ್ಜಿ ಫೋನ್ ಮಾಡಿದ್ದರು. "ಏನಮ್ಮಾ, ಸೋರೆ ಬಳ್ಳಿ ತುಂಬ ಹೂವೋ ಹೂವು, ಒಂದು ಕಾಯೂ ನಿಲ್ತಿಲ್ಲ. ಯಾರ ದೃಷ್ಟಿ ತಾಗಿತೋ." ನಾನು ಸಂಜೆ ಏಳಕ್ಕೆ ಬರುತ್ತೇನೆ ಅಂದೆ. "ಕತ್ತಲಲ್ಲಿ ಏನು ನೋಡ್ತೀಯಾ?" ಅಂತ ಅವರಿಗೆ ಆಶ್ಚರ್ಯ.

ಸೋರೆ ಹೂ ಅರಳುವುದೇ ಸಂಜೆ. ಬಿಳಿ ಹೂವು, ರಾತ್ರಿ ಹಾರುವ ಚಿಟ್ಟೆಗಳಿಗಾಗಿ ಅರಳುತ್ತದೆ. ನಾಲ್ಕನೇ ಮಹಡಿಯ ತಾರಸಿಗೆ ಅವು ಬರುವುದು ಅಪರೂಪ. ಟಾರ್ಚ್ ಹಿಡಿದು ಅಜ್ಜಿಗೆ ತೋರಿಸಿದೆ: ತೆಳು ತೊಟ್ಟಿನ ಮೇಲೆ ನೆಟ್ಟಗೆ ನಿಂತದ್ದು ಗಂಡು. ಹೂವಿನ ಹಿಂದೆ ಹೆಬ್ಬೆರಳಷ್ಟು ರೋಮದ ಪುಟ್ಟ ಸೋರೆಕಾಯಿ ಇದ್ದರೆ ಅದು ಹೆಣ್ಣು. ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಸರಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿದರೆ ಆಯಿತು. ಹೀರೆಗೂ ಸಂಜೆಯೇ. ಹಾಗಲ, ಕುಂಬಳಕ್ಕೆ ಮಾತ್ರ ಬೆಳಗ್ಗೆ ಬೇಗ ಏಳಬೇಕು. ಮೊದಲ ಕೆಲವು ದಿನ ಬರೀ ಗಂಡು ಹೂವೇ ಬರುತ್ತವೆ, ಗಾಬರಿ ಬೇಡ. ಸೋರೆಯ ಮುಖ್ಯ ಬಳ್ಳಿಯ ತುದಿ ಚಿವುಟಿದರೆ ಪಕ್ಕದ ಕವಲು ಬರುತ್ತವೆ, ಹೆಣ್ಣು ಹೂ ಅವುಗಳಲ್ಲೇ ಹೆಚ್ಚು. ಅಜ್ಜಿ ಹತ್ತು ದಿನಕ್ಕೆ ಫೋಟೊ ಕಳಿಸಿದರು. ಐದು ಕಾಯಿ. ಪಕ್ಕದಲ್ಲಿ ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿಯೂ ಇತ್ತು.

ಕಾಯಿ ನಿಂತ ಮೇಲೆ ಹಣ್ಣುನೊಣ ಬರುತ್ತದೆ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಅಲ್ಲಿ ಅಂಟು ಒಸರಿ, ಕಾಯಿ ಸೊಟ್ಟಗಾಗಿ, ಹಳದಿಯಾಗಿ ಕೊಳೆಯುತ್ತದೆ. ಇದಕ್ಕೆ ತೂಗುಹಾಕುವ ಬಲೆ ಸಿಗುತ್ತದೆ, ಆದರೆ ಅಂಗಡಿಯಲ್ಲಿ ಕೇಳಿ ತನ್ನಿ. ಮಾವಿಗೆ ಕೊಡುವುದು ನೊಣವನ್ನು ಸೆಳೆಯುವ ಮೀಥೈಲ್ ಯುಜೆನಾಲ್ ಇರುವ ಬಲೆ. ಬಳ್ಳಿ ತರಕಾರಿಗೆ ಬೇಕಾದ್ದು ಕ್ಯೂ ಲೂರ್ ಎಂಬ ಬೇರೆ ಸೆಳೆಮದ್ದು ಇರುವ ಬಲೆ. ಮಾವಿನ ಬಲೆ ಹಾಗಲದ ಚಪ್ಪರಕ್ಕೆ ನೇತುಹಾಕಿ ಕಾದು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಕ್ಯೂ ಲೂರ್ ಕೂಡ ಗಂಡು ನೊಣವನ್ನಷ್ಟೇ ಸೆಳೆಯುತ್ತದೆ. ಹಾಗಾಗಿ ಎಳೆ ಕಾಯಿಗೆ ಕಾಗದದ ಚೀಲವನ್ನೂ ಕಟ್ಟಿ. ಹುಳ ಬಿದ್ದ ಕಾಯಿ ಕಾಂಪೋಸ್ಟಿಗೆ ಹಾಕಬೇಡಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಿಸಿಲಿಗಿಡಿ.

ಮೆಣಸಿನ ಗಿಡ ಮುದುಡಿದೆ ಅಂತ ಫೋಟೊ ಕಳಿಸುವವರಿಗೆ ಒಂದೇ ಪ್ರಶ್ನೆ: ಎಲೆ ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ? ದೋಣಿಯ ಹಾಗೆ ಮೇಲಕ್ಕಾದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ಕವುಚಿದ ದೋಣಿಯ ಹಾಗಾದರೆ ಮೈಟ್ ನುಸಿ. ಮೊದಲನೆಯದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು. ಎರಡನೆಯದಕ್ಕೆ ನೀರಲ್ಲಿ ಕರಗುವ ಗಂಧಕ. ಎರಡನ್ನೂ ಸಂಜೆ ಸಿಂಪಡಿಸಿ, ಎಲೆಯ ಅಡಿಗೆ. ಎರಡನ್ನೂ ಬೆರೆಸಬೇಡಿ, ಒಂದರ ಹಿಂದೆ ಒಂದು ಹೊಡೆಯಲೂಬೇಡಿ, ಎಲೆ ಸುಡುತ್ತದೆ.

ನೀರಿನ ವಿಷಯದಲ್ಲಿ ನಾನೇ ಪಾಠ ಕಲಿತವಳು. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಒಂದು ಮಧ್ಯಾಹ್ನ ನಮ್ಮನೆ ತಾರಸಿಯಲ್ಲಿ ಸೊರಗಿದ ಮೆಣಸಿನ ಸಸಿ ನೋಡಿ ತಡೆಯಲಾರದೆ ನಲ್ಲಿ ತಿರುಗಿಸಿದೆ. ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಸ್ನಾನಕ್ಕೆ ಕಾಸಿದ ಹಾಗಿತ್ತು. ಇಪ್ಪತ್ತು ಸಸಿಯಲ್ಲಿ ಉಳಿದದ್ದು ಆರು. ಮಧ್ಯಾಹ್ನ ಎಲೆ ಜೋತು ಬಿದ್ದರೆ ಸುಮ್ನೆ ಇರಿ. ಸಂಜೆಗೆ ತಾನೇ ಎದ್ದರೆ ಗಿಡಕ್ಕೆ ಏನೂ ಆಗಿಲ್ಲ. ಬೆಳಗ್ಗೆಯೂ ಜೋತಿದ್ದರೆ ಮಾತ್ರ ಚಿಂತೆ.

2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತ್ತು. ಅಕ್ಕಿ, ತರಕಾರಿ ತೊಳೆದ ನೀರು ಎತ್ತಿಡುವುದನ್ನು ಬಹಳ ಮನೆಗಳು ಕಲಿತದ್ದು ಆಗ. ಅದು ಒಳ್ಳೆಯದೇ. ಆದರೆ ಆರ್‌ಒ ಫಿಲ್ಟರಿನಿಂದ ಹೊರಹೋಗುವ ನೀರನ್ನೇ ದಿನಾ ಹಾಕಬೇಡಿ, ಅದರಲ್ಲಿ ಉಪ್ಪಿನಂಶ ಜಾಸ್ತಿ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆ ಅಂದರೆ ಉಪ್ಪು ಸೇರಿದೆ ಅಂತಲೇ. ಮಣ್ಣಿನ ಮೇಲೆ ಮೂರು ನಾಲ್ಕು ಬೆರಳಷ್ಟು ದಪ್ಪ ತರಗೆಲೆ ಹೊದಿಸಿದರೆ ನೀರು ಸಾಕಷ್ಟು ಉಳಿಯುತ್ತದೆ. ಈ ಕಾಲಕ್ಕೆ ಹೊಂಗೆ ಮರದಡಿ ಬೇಕಾದಷ್ಟು ಎಲೆ, ಆಮೇಲೆ ಹೂವು. ಹೊಂಗೆ ಹೂವು ಒಳ್ಳೆ ಗೊಬ್ಬರ. ಬೆಳಗ್ಗೆ ಕಸದ ಜೊತೆ ಬೆಂಕಿಗೆ ಹೋಗುವ ಮೊದಲೇ ಗುಡಿಸಿಕೊಂಡು ಬನ್ನಿ.

ಹಣ್ಣಿಗೆ ನನ್ನ ಆಯ್ಕೆ ಹಿಪ್ಪುನೇರಳೆ. ಕಡ್ಡಿ ಚುಚ್ಚಿದರೆ ಬರುತ್ತದೆ. ರೇಷ್ಮೆಯವರು ಬೆಳೆಸುವುದು ಸೊಪ್ಪಿಗೆ, ಅವುಗಳಲ್ಲಿ ಗಂಡು ಗಿಡವೂ ಇರುತ್ತದೆ. ಹಾಗಾಗಿ ಹಣ್ಣು ಬಿಟ್ಟದ್ದನ್ನು ಕಣ್ಣಾರೆ ಕಂಡ ಗಿಡದಿಂದಲೇ ಕಡ್ಡಿ ತನ್ನಿ. ಬೆಳೆದ ಗಿಡದ ಕೊಂಬೆ ತುದಿ ಸವರಿ, ಎಲೆಯೆಲ್ಲ ಕಿತ್ತರೆ ಹೊಸ ಚಿಗುರಿನ ಜೊತೆಗೇ ಹಸಿರು ಕಾಯಿ ಇಣುಕುತ್ತದೆ. ಕೆಂಪಗಾದಾಗ ಕಿತ್ತರೆ ಹುಳಿ. ಕಪ್ಪಾಗಿ, ಮುಟ್ಟಿದರೆ ಕೈಗೆ ಬೀಳಬೇಕು. ಅಷ್ಟರೊಳಗೆ ಪಿಕಳಾರ ಹಕ್ಕಿ ಬಂದಿರುತ್ತದೆ. ಒಂದೆರಡು ಕೊಂಬೆಗೆ ಹಳೆ ಸೊಳ್ಳೆ ಪರದೆ ಹೊದಿಸಿ, ಉಳಿದದ್ದು ಅವಕ್ಕೆ.

ಚಳಿಗಾಲದ ಸ್ಟ್ರಾಬೆರಿ ಕುಂಡಗಳು ಈಗ ಸೊರಗಿರುತ್ತವೆ. ಎಸೆಯಬೇಡಿ. ಸೋರೆ ಚಪ್ಪರದ ಅಡಿಗೆ ಸರಿಸಿ, ಒಣ ಎಲೆ ಕತ್ತರಿಸಿ, ಮಣ್ಣು ಆರದ ಹಾಗೆ ನೋಡಿಕೊಳ್ಳಿ. ಹಣ್ಣಿನ ಆಸೆ ಬಿಡಿ. ಗಿಡದ ನಡುವಿನ ಚಿಗುರು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ, ಮೇಲೇ ಕಾಣುತ್ತಿರಲಿ. ಮಳೆ ಶುರುವಾದ ಮೇಲೆ ಹಂಬು ಬಿಡುತ್ತದೆ, ಅದರ ತುದಿಯ ಸಸಿಯನ್ನು ಪಕ್ಕದ ಕುಂಡಕ್ಕೆ ಊರಿಕೊಂಡರೆ ಮುಂದಿನ ಚಳಿಗೆ ಗಿಡ ಕೊಳ್ಳುವುದು ತಪ್ಪುತ್ತದೆ.